ಎರಡು ಮೊಳ ಬೆಲ್ಟು

ಬೆಳಿಗ್ಗೆ ಗೇಟು ತೆರೆದ ಕೂಡಲೇ ಸೋಪಕ್ಕ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಸಾಲಾಗಿ ನಿಂತ ಕಾರುಗಳ ಬಾಗಿಲು ಒಂದೊಂದಾಗಿ ತೆಗೆದು ಒಳಗೆ ಮೂಗು ತೂರಿಸುವುದು. ಹಳೆಯ ಕಾರು ಕೊಂಡು ಮಾರುವ ಆ ಯಾರ್ಡಿನಲ್ಲಿ ಎಂಜಿನ್ ನೋಡುವುದು ಮೇಸ್ತ್ರಿಯ ಪಾಲು, ಗಿರಾಕಿಯ ಮುಖ ನೋಡುವುದು ಯಜಮಾನನ ಪಾಲು, ವಾಸನೆ ಮಾತ್ರ ಇವಳ ಪಾಲು. ಸಿಗರೇಟು ಸೇದುವವರ ಕಾರು ಯಾವುದು, ನಾಯಿ ಸಾಕಿದವರದು ಯಾವುದು, ಹಾಲು ಕಕ್ಕುವ ಮಗು ಓಡಾಡಿದ್ದು ಯಾವುದರಲ್ಲಿ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಗಂಡ ಹೆಂಡತಿ ಮಾತು ಬಿಟ್ಟ ಕಾರಿಗೂ ಒಂದು ವಾಸನೆ ಇರುತ್ತದೆ ಎಂದು ಅವಳು ಹೇಳಿದಾಗ ಮೇಸ್ತ್ರಿ ನಕ್ಕು ನಕ್ಕು ಕೆಮ್ಮಿದ್ದ.

ಅಡುಗೆ ಸೋಡಾ, ಇದ್ದಿಲು, ಒಂದು ಬಕೆಟ್ಟು ಸೋಪುನೀರು, ಸವೆದ ಬ್ರಷ್ಷು. ಇವಿಷ್ಟರಲ್ಲಿ ಅವಳು ಎಂಥ ಕಾರನ್ನೂ ಹೊಸದರ ಹಾಗೆ ಮಾಡಿ ನಿಲ್ಲಿಸುತ್ತಿದ್ದಳು. ಸೀಟ್ ಬೆಲ್ಟು ತೊಳೆಯುವುದಕ್ಕಂತೂ ಅವಳದೇ ಒಂದು ಕ್ರಮವಿತ್ತು. ಬೆಲ್ಟನ್ನು ಎರಡು ಮೊಳ ಹೊರಗೆಳೆದು, ಅದು ಸರ್ರನೆ ಒಳಗೆ ಸುತ್ತಿಕೊಳ್ಳದಂತೆ ಬಟ್ಟೆ ಒಣಹಾಕುವ ಕ್ಲಿಪ್ಪು ಕಚ್ಚಿಸಿ, ಉಜ್ಜಿ, ಒಣಗಿದ ಮೇಲೆ ಬಿಡುವುದು. ಉಳಿದದ್ದು ಒಳಗಿನ ಸುರುಳಿಯಲ್ಲೇ ಇರುತ್ತಿತ್ತು. “ಗಿರಾಕಿ ಎಳೆಯೋದು ಎರಡೇ ಮೊಳ. ಅದಕ್ಕಿಂತ ಹೆಚ್ಚಿಗೆ ಯಾಕೆ ಕೈ ನೋಯಿಸ್ಕೋತೀಯ?” ಎಂದು ಅವಳು ಕೆಲಸಕ್ಕೆ ಸೇರಿದ ದಿನವೇ ಯಜಮಾನ ಹೇಳಿಕೊಟ್ಟಿದ್ದ. ಅದು ಮೋಸ ಎಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ. ನೆಂಟರು ಬರುವಾಗ ಮುಂದಿನ ಕೋಣೆಯನ್ನಷ್ಟೇ ಗುಡಿಸುವುದಿಲ್ಲವೇ, ಹಾಗೆ.

ಯಜಮಾನ ಕೆಟ್ಟವನಲ್ಲ. ಗಂಡ ತೀರಿಕೊಂಡು, ಬಾಡಿಗೆ ಮನೆಯೂ ಕೈಬಿಟ್ಟಾಗ ಯಾರ್ಡಿನ ಹಿಂದಿನ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟವನು ಅವನೇ. ಆ ಕೋಣೆಗೆ ಈವರೆಗೆ ಬಾಡಿಗೆ ಎಂದು ಬಾಯಿ ಬಿಟ್ಟವನಲ್ಲ.

ತಿಳಿನೀಲಿ ಕಾರು ಬಂದದ್ದು ಒಂದು ಬಿರುಬಿಸಿಲಿನ ಮಧ್ಯಾಹ್ನ, ಲಾರಿಯ ಬೆನ್ನೇರಿ. ಮೈಮೇಲೆ ಒಂದು ಗೀರಿಲ್ಲ. ಸೋಪಕ್ಕ ಹಿಂಬಾಗಿಲು ತೆಗೆದು ಮೂಗು ಹಾಕಿದವಳು ತಟ್ಟನೆ ಹಿಂದೆ ಸರಿದಳು. ಒಳಗಿದ್ದದ್ದು ನೀರಿನ ವಾಸನೆ. ನಲ್ಲಿಯದಲ್ಲ, ಬಾವಿಯದಲ್ಲ. ಹೊರಗೆ ಹೋಗಲು ದಾರಿ ಸಿಗದೆ ಒಳಗೇ ಉಳಿದುಹೋದ ನೀರಿನದು.

“ಇದು ನೆನೆದಿದೆ ಯಜಮಾನ್ರೆ,” ಎಂದಳು.

“ಸ್ವಲ್ಪ ನೆನೆದಿದೆ. ಹೊಳೆ ಉಕ್ಕಿದಾಗ ರಸ್ತೆ ಪಕ್ಕ ನಿಂತಿತ್ತಂತೆ. ವಿಮೆಯವರು ಹರಾಜಿಗೆ ಹಾಕಿದ್ರು, ನಾನು ಎತ್ತಿಕೊಂಡೆ. ನೀನು ಒಣಗಿಸು, ಸೋಪಕ್ಕ. ನಿನ್ನ ಕೈಲಿ ಆಗದೇ ಇರೋದು ಏನಿದೆ?”

ಮೇಸ್ತ್ರಿ ಎಂಜಿನ್ ಬಿಚ್ಚಿದ. ಆಯಿಲು ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಅದನ್ನು ಬಸಿದು, ಫಿಲ್ಟರು ಬದಲಿಸಿ, ಬೇರೆ ಬ್ಯಾಟರಿ ಕೂರಿಸಿದ ಮೇಲೆ ಕಾರು ಒಂದೇ ತಿರುವಿಗೆ ಸ್ಟಾರ್ಟ್ ಆಯಿತು. ಸೋಪಕ್ಕ ಸೀಟು, ಕಾರ್ಪೆಟ್ಟು ಎಲ್ಲ ಕಳಚಿ ಬಿಸಿಲಿಗೆ ಹರಡಿದಳು. ವಾರದೊಳಗೆ ವಾಸನೆ ಹೋಯಿತು. ಕನಿಷ್ಠ ಬೇರೆಯವರ ಮೂಗಿಗೆ ತಿಳಿಯದಷ್ಟಾದರೂ ಹೋಯಿತು.

ಆದರೆ ಕಾರು ಸುಮ್ಮನಿರಲಿಲ್ಲ. ನೆತ್ತಿಯ ಮೇಲೆ ಸೂರ್ಯ ಬಂದಾಗ, ಒಂದು ಹನಿ ಮಳೆಯಿಲ್ಲದ ಗಾಜಿನ ಮೇಲೆ ವೈಪರುಗಳು ಕರ್‌ಕರ್ ಎಂದು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಆಡಿ ನಿಲ್ಲುತ್ತಿದ್ದವು. ಒಳಗಿನ ದೀಪ ತಾನಾಗಿ ಹತ್ತಿ, ಯಾರನ್ನೋ ಹುಡುಕಿದಂತೆ ಸ್ವಲ್ಪ ಹೊತ್ತು ಉರಿದು ಆರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಆ ಲಾಕು. ಯಾರೂ ಹತ್ತಿರವಿಲ್ಲದಾಗ ನಾಲ್ಕೂ ಬಾಗಿಲು ಒಟ್ಟಿಗೆ ಟಕ್ ಎನ್ನುತ್ತಿದ್ದವು. ಮತ್ತೆ ಎಷ್ಟೋ ಹೊತ್ತಿಗೆ ಇನ್ನೊಂದು ಟಕ್.

“ವೈರು ವೈರು ಸೇರೋ ಕಡೆಯೆಲ್ಲ ನೀರು ಕೂತು ಹಸಿರು ಹಿಡಿದಿದೆ ಅಕ್ಕ,” ಎಂದ ಮೇಸ್ತ್ರಿ. “ಬಿಸಿಲಿಗೆ ಕಾದಾಗ ಒಂದಕ್ಕೊಂದು ತಾಗುತ್ತೆ. ಅಷ್ಟೇ. ದೆವ್ವ ಭೂತ ಏನಿಲ್ಲ.”

“ಸರಿ ಮಾಡೋಕಾಗಲ್ವಾ?”

“ಕೆರೆದು ಕ್ಲೀನ್ ಮಾಡ್ತೀನಿ, ಎರಡು ದಿನ ಸುಮ್ಮನಿರುತ್ತೆ, ಮತ್ತೆ ಶುರು. ಇಡೀ ವೈರಿಂಗ್ ಕಿತ್ತು ಹಾಕ್ಬೇಕು. ಅಷ್ಟು ಖರ್ಚು ಮಾಡಿದ್ರೆ ಮಾರಿ ಏನು ಬಂತು?” ಎಂದು ಅವನು ಬನಿಯನ್ನಿಗೆ ಕೈ ಒರೆಸಿಕೊಂಡ. “ಇನ್ನೊಂದು ಮಜಾ ನೋಡು. ನಾನು ಟೆಸ್ಟರ್ ಹಿಡ್ಕೊಂಡು ಬಂದ್ರೆ ಹಾಲು ಕುಡಿದ ಮಗು ಥರ ನಿಂತಿರುತ್ತೆ. ಮೇಸ್ತ್ರಿ ಮುಂದೆ ಯಾವ ಕಾರೂ ಕೆಮ್ಮಲ್ಲ.”

ಕೈಯ ಗುರುತು ಅವಳ ಕಣ್ಣಿಗೆ ಬಿದ್ದದ್ದು ಚಾವಣಿಯ ಬಟ್ಟೆ ತೊಳೆಯುವಾಗ. ಹಿಂದಿನ ಸೀಟಿನ ಮೇಲ್ಗಡೆ, ಕಿಟಕಿಗೆ ಹತ್ತಿರ, ಒಂದು ಕಂದು ಕಲೆ. ಮೊದಲು ಬರೀ ಕಲೆ ಎಂದುಕೊಂಡಳು. ಆಮೇಲೆ ಐದು ಬೆರಳು ಕಂಡವು. ಪಕ್ಕದಲ್ಲೇ ಇನ್ನೊಂದು ಅಂಗೈ. ಎರಡೂ ಕೆಳಗಿನಿಂದ ಮೇಲಕ್ಕೆ ಬಲವಾಗಿ ಒತ್ತಿದ ಗುರುತುಗಳು. ಸೋಪು ಹಾಕಿ ಉಜ್ಜಿದಳು, ಹೋದವು. ಮರುದಿನ ಬಟ್ಟೆ ಒಣಗಿದಾಗ ಅಲ್ಲೇ ಇದ್ದವು. ಮತ್ತೆ ತೊಳೆದಳು, ಮತ್ತೆ ಬಂದವು. ಬಟ್ಟೆಯ ಹಿಂದಿನ ಸ್ಪಂಜಿನಲ್ಲಿ ಕೆಸರು ಕೂತಿದ್ದರೆ ಒಣಗುವಾಗ ಕಲೆ ಮೇಲೆ ಬರುತ್ತದೆ, ಇದು ಅವಳಿಗೆ ಗೊತ್ತಿದ್ದ ವಿಷಯವೇ. ಆದರೆ ರಸ್ತೆ ಪಕ್ಕ ಸುಮ್ಮನೆ ನಿಂತಿದ್ದ ಕಾರಿನ ಚಾವಣಿಗೆ ಕೆಸರುಗೈ ಹೇಗೆ ಹತ್ತಿತು?

ಮೂರನೆಯ ಸಲ ತೊಳೆಯಲು ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. ಬ್ರಷ್ಷು ಎತ್ತುವಷ್ಟರಲ್ಲಿ ಟಕ್ ಎಂದಿತು.

ಲಾಕಿನ ಗುಂಡಿ ಹಿಡಿದು ಎಳೆದಳು. ಮೇಲೆ ಬಂದದ್ದು ಬೆರಳು ಬಿಟ್ಟ ಕೂಡಲೇ ಟಕ್ಕೆಂದು ಒಳಗಿಳಿಯಿತು. ಕಿಟಕಿಯ ಸ್ವಿಚ್ಚು ಒತ್ತಿದರೆ ಜೀವವಿಲ್ಲ. ಹೊರಗೆ ಮೇಸ್ತ್ರಿಯ ಗಾಳಿ ತುಂಬುವ ಯಂತ್ರ ಗುಡುಗುಡು ಎನ್ನುತ್ತಿತ್ತು. ಗಾಜು ಬಡಿದಳು, ಕೂಗಿದಳು. ಇಪ್ಪತ್ತು ಹೆಜ್ಜೆ ಆಚೆ ಯಜಮಾನ ಬೆನ್ನು ಹಾಕಿ ಫೋನಿನಲ್ಲಿ ನಗುತ್ತಾ ಮಾತಾಡುತ್ತಿದ್ದ. ಬಿಸಿಲು ಗಾಜಿನೊಳಗೆ ಕುದಿಯುತ್ತಿತ್ತು. ಉಸಿರಿಗೆ ಗಾಳಿ ಸಾಲದು ಅನಿಸಿದಾಗ ತನಗೆ ಗೊತ್ತಿಲ್ಲದೆಯೇ ಮುಖ ಮೇಲಕ್ಕೆತ್ತಿದಳು, ಎರಡೂ ಕೈ ಚಾವಣಿಗೆ ಹೋದವು. ಸರಿಯಾಗಿ ಆ ಗುರುತುಗಳ ಮೇಲೆ ಹೋಗಿ ಕೂತವು. ಅವಳ ಬೆರಳಿನ ತುದಿ ಮಾತ್ರ ಗುರುತಿನಿಂದ ಆಚೆ ದಾಟಿತ್ತು. ಇಲ್ಲಿ ಕೈ ಒತ್ತಿದವರದು ತನಗಿಂತ ಸಣ್ಣ ಕೈ.

ಟಕ್. ಲಾಕು ತಾನಾಗಿ ಬಿಟ್ಟುಕೊಂಡಿತು. ಅವಳು ಹೊರಗೆ ಬಿದ್ದವಳಂತೆ ಇಳಿದು ನೆಲದ ಮೇಲೆ ಕೂತಳು.

ಆ ಸಂಜೆ ಯಜಮಾನನ ಮುಂದೆ ನಿಂತು ಎಲ್ಲ ಹೇಳಿದಳು. ಅವನು ಮಧ್ಯೆ ಬಾಯಿ ಹಾಕದೆ ಕೇಳಿದ.

“ಒಳಗೆ ಯಾರಿದ್ರು ಅಂತ ನಾನೂ ಕೇಳಿಲ್ಲ, ಅವರೂ ಹೇಳಿಲ್ಲ,” ಎಂದ ಕೊನೆಗೆ. “ಇದ್ದವರು ಬದುಕಿ ಹೊರಗೆ ಬಂದಿರಬಹುದಲ್ವಾ? ಅದನ್ನ ಯಾಕೆ ಯೋಚಿಸಲ್ಲ ನೀನು?”

“ಇನ್ನು ಮುಂದೆ ಇದರಲ್ಲಿ ಕೂರೋರ ಕಥೆ ಏನು ಯಜಮಾನ್ರೆ?”

“ನೋಡು ಸೋಪಕ್ಕ. ಹೊಸ ಕಾರು ಕೊಳ್ಳೋ ಶಕ್ತಿ ಇದ್ದವರು ನನ್ನ ಯಾರ್ಡಿಗೆ ಬರಲ್ಲ. ಇಲ್ಲಿಗೆ ಬರೋರು ಮೂರು ಜನ ಸ್ಕೂಟರ್ ಮೇಲೆ ಕೂತು ಮಳೆಯಲ್ಲಿ ನೆನೆಯೋರು. ಅವರ ತಲೆ ಮೇಲೊಂದು ಚಾವಣಿ ಕೊಡ್ತೀನಿ ನಾನು. ಆ ಸ್ಕೂಟರಿಗಿಂತ ಈ ಕಾರು ವಾಸಿ ಅಲ್ವಾ? ಇನ್ನು ಸುಳ್ಳು ಅಂತೀಯಾ? ಗಿರಾಕಿ ಕೇಳಿದ್ದಕ್ಕೆ ನಾನು ಯಾವತ್ತೂ ಸುಳ್ಳು ಹೇಳಿದವನಲ್ಲ. ಕೇಳದೇ ಇರೋದನ್ನ ಹೇಳಲ್ಲ, ಅಷ್ಟೇ.”

ಅವನ ಮಾತಿನಲ್ಲಿ ಅರ್ಧ ನಿಜವಿತ್ತು, ಆ ಅರ್ಧದಲ್ಲೇ ಅವಳ ಕೋಣೆಯೂ ಇತ್ತು.

“ಕಲೆ ಹೋಗಲ್ಲ ಅಂದ್ರೆ ಮೇಲೆ ಹೊಸ ಬಟ್ಟೆ ಅಂಟಿಸಿಬಿಡು,” ಎಂದು ಅವನು ಮೃದುವಾಗಿಯೇ ಹೇಳಿ ಎದ್ದ.

ಅವಳು ಅಂಟಿಸಿದಳು. ಸುಕ್ಕಿಲ್ಲದಂತೆ, ಅಂಚು ಕಾಣದಂತೆ. ಬೆಲ್ಟುಗಳನ್ನು ಎರಡು ಮೊಳ ಎಳೆದು ತೊಳೆದಳು. ಅಲ್ಲಿಂದಾಚೆಗೆ ಆ ಕಾರಿನ ಚಾವಣಿಯತ್ತ ತಲೆಯೆತ್ತಲಿಲ್ಲ.

ಟೈಲರಮ್ಮ ಬಂದದ್ದು ಅದಾಗಿ ಕೆಲವು ದಿನಗಳ ಮೇಲೆ, ತನ್ನ ವಯಸ್ಸಾದ ಅಮ್ಮನನ್ನು ಕರೆದುಕೊಂಡು. ಮೂವತ್ತೈದು ದಾಟಿದ ಹೆಂಗಸು. ತನ್ನ ಹೊಲಿಗೆ ಅಂಗಡಿಯಿಂದ ನೇರ ಬಂದಿರಬೇಕು, ಅಳತೆಯ ಟೇಪು ಇನ್ನೂ ಕೊರಳಲ್ಲೇ ಜೋತಾಡುತ್ತಿತ್ತು. ಅಜ್ಜಿಗೆ ಪಾರ್ಶ್ವವಾಯು ಹೊಡೆದು ಎಡಗಡೆ ಕೈಕಾಲು ಬಿದ್ದುಹೋಗಿದ್ದವು. ಮಾತು ತೊದಲುತ್ತಿತ್ತು. ಅವರನ್ನು ಸ್ಕೂಟರಿನ ಹಿಂದೆ ಕೂರಿಸಿ, ಉದ್ದ ಬಟ್ಟೆಯಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡು ಆಸ್ಪತ್ರೆಗೆ ಒಯ್ಯುತ್ತೇನೆ, ಮೊನ್ನೆ ಗಂಟು ಸಡಿಲವಾಗಿ ಇಬ್ಬರೂ ಬೀಳುವುದರಲ್ಲಿದ್ದೆವು ಎಂದು ಅವಳು ಹೇಳಿಕೊಂಡಳು. ಯಜಮಾನ ಸೋಪಕ್ಕನ ಕಡೆ ಒಮ್ಮೆ ನೋಡಿದ. ನಾನು ಹೇಳಲಿಲ್ಲವೇ ಎನ್ನುವಂತೆ.

ಹೆಂಗಸು ಚುರುಕಿದ್ದಳು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, “ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿಲ್ಲ ತಾನೆ ಅಣ್ಣ?” ಎಂದಳು. ಆಯಿಲಿನ ಕಡ್ಡಿ ಎಳೆದು ಬೆಳಕಿಗೆ ಹಿಡಿದಳು. ಸ್ಟಾರ್ಟ್ ಮಾಡಿಸಿ ಹಿಂದೆ ಹೋಗಿ ಹೊಗೆಯ ಬಣ್ಣ ನೋಡಿದಳು. ಟೈರಿನ ಅಂಚುಗಳನ್ನು ಬಟ್ಟೆಯ ಹೊಲಿಗೆ ಸವರಿದ ಹಾಗೆ ಸವರಿದಳು. ಒಂದು ಸುತ್ತು ಓಡಿಸಿ, ನೇರ ರಸ್ತೆಯಲ್ಲಿ ಸ್ಟೇರಿಂಗಿನ ಹಿಡಿತ ಸಡಿಲ ಬಿಟ್ಟು ಕಾರು ಯಾವ ಕಡೆಗೆ ಎಳೆಯುತ್ತದೆ ಎಂದೂ ನೋಡಿ ಬಂದಳು.

“ಯಾರು ಹೇಳಿಕೊಟ್ರು ಮೇಡಂ ಇದೆಲ್ಲ?” ಎಂದ ಮೇಸ್ತ್ರಿ, ನಿಜವಾಗಿಯೂ ಬೆರಗಾಗಿ.

“ಫೋನಲ್ಲಿ ನೋಡಿದ್ದು. ಜೀವಮಾನದಲ್ಲಿ ಒಂದೇ ಸಲ ಕಾರು ತಗೊಳ್ಳೋದು ಅಣ್ಣ, ಯಾರಾದ್ರೂ ಕಣ್ಣಿಗೆ ಮಣ್ಣೆರಚಿಬಿಟ್ರೆ?” ಆಮೇಲೆ ಯಜಮಾನನ ಕಡೆ ತಿರುಗಿ ಕೇಳಿದಳು, “ಎಲ್ಲಾದ್ರೂ ಗುದ್ದಿದ ಕಾರಾ ಇದು?”

“ಇಲ್ಲಮ್ಮ. ಆಣೆ ಮಾಡಿ ಹೇಳ್ತೀನಿ, ಗುದ್ದಿಲ್ಲ.”

ಅದು ನಿಜವೇ ಆಗಿತ್ತು. ನೀರಿನ ಮಾತು ಅವಳಿಗೆ ಹೊಳೆಯಲಿಲ್ಲ.

ಅಜ್ಜಿಯನ್ನು ಹಿಂದಿನ ಸೀಟಿಗೆ ಒರಗಿಸಿ ಕೂರಿಸಿದರು. ಅವರ ಕುತ್ತಿಗೆ ಹಿಂದಕ್ಕೆ ಬಾಗಿ ಕಣ್ಣು ಚಾವಣಿಯಲ್ಲಿ ನೆಟ್ಟಿತು.

“ಕೈ,” ಎಂದರು.

“ಕೈ ನೋಯ್ತಾ ಇದೆಯಾ ಅಮ್ಮ?”

“ಮೇಲೆ. ಯಾರೋ... ಕೈ ಇಟ್ಟಿದ್ದಾರೆ.”

ಸೋಪಕ್ಕ ಬಕೆಟ್ಟಿನೊಳಗೆ ನೋಡುತ್ತಾ ನಿಂತಳು. ಟೈಲರಮ್ಮ ಬಗ್ಗಿ ಮೇಲೆ ನೋಡಿ, “ಏನೂ ಇಲ್ವಲ್ಲಮ್ಮ, ಹೊಸ ಬಟ್ಟೆ,” ಎಂದಳು. ಯಜಮಾನ ನಕ್ಕ. “ಕಾಯಿಲೆ ಬಿದ್ದ ಮೇಲೆ ಹೀಗೇ ಏನೇನೋ ಕಾಣುತ್ತಾ ಪಾಪ?”

“ಇಲ್ಲ ಸಾರ್. ಬುದ್ಧಿ ಏನೂ ಮಂಕಾಗಿಲ್ಲ. ಇವತ್ತೇ ಹೀಗೆ.”

ಸೂರ್ಯ ನೆತ್ತಿಗೆ ಬಂದಿದ್ದ. ಸೋಪಕ್ಕ ಮನಸ್ಸಿನಲ್ಲೇ ಕಾರಿಗೆ ಹೇಳಿದಳು: ಈಗ ಮಾಡು, ಒಂದು ಸಲ ಟಕ್ ಅನ್ನು, ಒಂದು ಸಲ ವೈಪರು ಆಡಿಸು. ದಿನವೂ ಈ ಹೊತ್ತಿಗೆ ಹೆದರಿಸುತ್ತಿದ್ದ ಕಾರು ಇಂದು ಬಾಯಿ ಬಿಡಲಿಲ್ಲ. ಯಜಮಾನ ತಾನೇ ಅಜ್ಜಿಯ ಪಕ್ಕ ಕೂತು, ಬಾಗಿಲು ಹಾಕಿ, ತೆಗೆದು, ಹಾಕಿ, ತೆಗೆದು ತೋರಿಸಿದ. ಪ್ರತಿ ಸಲವೂ ಬೆಣ್ಣೆಯ ಹಾಗೆ ತೆರೆದುಕೊಂಡಿತು. ಸ್ವಿಚ್ಚು ಮುಟ್ಟಿದರೆ ಕಿಟಕಿ ಸರಾಗ ಇಳಿಯಿತು. ತನ್ನ ಬದಲಿಗೆ ಕಾರೇ ಹೇಳಿಬಿಡಲಿ ಎಂದು ಕಾದು ನಿಂತದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಟೈಲರಮ್ಮನ ಮುಖ ಅರಳಿತ್ತು. “ಅಮ್ಮ, ಇನ್ನು ಗಂಟು ಕಟ್ಟೋದು ಬೇಡ,” ಎಂದು ಅಜ್ಜಿಯ ಕೆನ್ನೆ ಸವರಿದಳು.

“ಒಂದು ಮಾತು ಮೇಡಂ,” ಎಂದ ಯಜಮಾನ, ಒಳ್ಳೆಯ ಮನಸ್ಸಿನಿಂದಲೇ. “ಅಮ್ಮ ತಿಳಿಯದೆ ಓಡುವಾಗ ಬಾಗಿಲು ತೆಗೆದುಬಿಟ್ರೆ ಅಪಾಯ. ಹಿಂದೆ ಚೈಲ್ಡ್ ಲಾಕ್ ಹಾಕಿಸಿಕೊಡ್ತೀನಿ. ಒಳಗಿಂದ ಎಷ್ಟು ಎಳೆದ್ರೂ ಬಾಗಿಲು ತೆರೆಯಲ್ಲ.”

“ಹಾಕಿಬಿಡಿ ಸಾರ್. ತುಂಬ ಉಪಕಾರ.”

ಒಳಗಿಂದ ತೆರೆಯುವುದಿಲ್ಲ. ಆ ಮಾತು ಸೋಪಕ್ಕನ ಕಿವಿಯಲ್ಲೇ ನಿಂತುಬಿಟ್ಟಿತು. ಕಾದ ಗಾಜು, ಬೆನ್ನು ಹಾಕಿ ನಗುತ್ತಿದ್ದ ಯಜಮಾನ, ಗುಡುಗುಡು ಶಬ್ದ ಎಲ್ಲ ಒಟ್ಟಿಗೆ ನೆನಪಾದವು. ತನಗಾದರೂ ಮೇಲೆತ್ತಲು ಎರಡು ಕೈ ಇದ್ದವು. ಹಿಂದಿನ ಕೋಣೆಯ ಬಾಗಿಲು ಕೂಡ ಅವಳ ಕಣ್ಣಿಗೆ ಬಿತ್ತು. ಅಲ್ಲಿ ಅವಳ ಚಾಪೆ, ಸ್ಟವ್ವು, ಕಿಟಕಿಯಲ್ಲಿ ಒಣಗಲು ಹಾಕಿದ ಬಟ್ಟೆ. ಒದ್ದೆ ಕೈ ಒರೆಸಿಕೊಂಡು ಕಾರಿನ ಹತ್ತಿರ ಬಂದಳು.

“ಅಜ್ಜಿಗೆ ಬೆಲ್ಟು ಹಾಕಿ ನೋಡ್ತೀನಿ,” ಎಂದಳು. “ಸರಿಯಾಗಿ ಬರುತ್ತೋ ಇಲ್ವೋ.”

ಯಾರೂ ಬೇಡವೆನ್ನಲಿಲ್ಲ. ಅವಳು ಬೆಲ್ಟಿನ ತುದಿ ಹಿಡಿದು ಎಳೆದಳು. ಒಂದು ಮೊಳ, ಎರಡು ಮೊಳ. ಅಲ್ಲಿಯವರೆಗೆ ಅದು ಸೋಪಿನ ವಾಸನೆ ಸೂಸುತ್ತಾ ಶುಭ್ರವಾಗಿ ಬಂತು. ಯಾವತ್ತೂ ನಿಲ್ಲುತ್ತಿದ್ದ ಆ ಜಾಗದಲ್ಲಿ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಅವಳು ಇನ್ನೊಂದು ಕೈಯನ್ನೂ ಸೇರಿಸಿ ಎಳೆದಳು.

ಸುರುಳಿ ಕರಕರ ಎಂದಿತು. ಹೊರಬಂದ ಬೆಲ್ಟು ಬೇರೆಯೇ ಬಣ್ಣದ್ದು. ಕಂದುಗಟ್ಟಿ, ಒಣಗಿದ ತೊಗಲಿನ ಹಾಗೆ ಸೆಟೆದುಕೊಂಡಿತ್ತು. ಅದರಿಂದ ಕೆಸರಿನ ಪುಡಿ ಉದುರಿ ಅಜ್ಜಿಯ ಮಡಿಲ ಮೇಲೆ ಬಿತ್ತು. ಸೋಪಕ್ಕ ಪೂರ್ತಿ ಎಳೆದು, ಅದು ಮತ್ತೆ ಒಳಗೆ ಹೋಗದಂತೆ ತನ್ನ ಅಂಗಿಯ ಅಂಚಿಗೆ ಸಿಕ್ಕಿಸಿಕೊಂಡಿದ್ದ ಕ್ಲಿಪ್ಪು ತೆಗೆದು ಕಚ್ಚಿಸಿದಳು. ಅವಳು ತೊಳೆದು ಓಡಿಸಿದ್ದ ಆ ನೀರಿನ ವಾಸನೆ ಎಲ್ಲರ ಮೂಗಿಗೂ ಬಡಿಯಿತು.

ಟೈಲರಮ್ಮ ಪುಡಿಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದಳು. ಸೋಪಕ್ಕನನ್ನು ನೋಡಿದಳು. ಕೊನೆಗೆ ಯಜಮಾನನತ್ತ ತಿರುಗಿದಳು.

“ಇದು ನೀರಲ್ಲಿ ಮುಳುಗಿತ್ತಾ ಸಾರ್?”

ಯಜಮಾನ ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ಎಲ್ಲೋ ನೋಡುತ್ತಿದ್ದ. ಕೇಳಿದ್ದಕ್ಕೆ ಸುಳ್ಳು ಹೇಳದ ಮನುಷ್ಯನಿಗೆ ಇಂಥ ಪ್ರಶ್ನೆಯನ್ನು ಈವರೆಗೆ ಯಾರೂ ನೇರವಾಗಿ ಕೇಳಿರಲಿಲ್ಲ.

“ಹೌದು,” ಎಂದ.

“ಎಲ್ಲಿವರೆಗೆ?”

ಕಾರಿನೊಳಗೆ ಅಜ್ಜಿ ತಮ್ಮ ಸ್ವಾಧೀನವಿದ್ದ ಒಂದೇ ಕೈಯನ್ನು ನಿಧಾನವಾಗಿ ಮೇಲೆತ್ತಿ, ಚಾವಣಿಗೆ ಅಂಗೈ ಒತ್ತಿ ಹಿಡಿದರು.

ತಾಯಿ ಮಗಳು ಸ್ಕೂಟರಿನಲ್ಲೇ ಹೋದರು. ಸೊಂಟಕ್ಕೆ ಬಟ್ಟೆ ಕಟ್ಟುವಾಗ ಸೋಪಕ್ಕ ಹಿಂದಿನಿಂದ ಗಂಟು ಬಿಗಿದು, ಎರಡೆರಡು ಸಲ ಎಳೆದು ನೋಡಿ ಕಳಿಸಿದಳು. ಗೇಟು ದಾಟುವವರೆಗೂ ಅಜ್ಜಿ ತಿರುಗಿ ಕಾರನ್ನೇ ನೋಡುತ್ತಿದ್ದರು.

ಯಜಮಾನ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಸ್ಟೂಲಿನ ಮೇಲೆ ಕೂತು, “ಆ ಅಜ್ಜಿ ಏನು ನೋಡಿದ್ದು?” ಎಂದ.

“ನನಗೆ ಗೊತ್ತಿಲ್ಲ. ನಾನು ಮೇಲೆ ನೋಡಿಲ್ಲ.”

“ಬಾ, ನೋಡೋಣ.”

ಎರಡೂ ಕಡೆಯ ಬಾಗಿಲಿನಿಂದ ಇಬ್ಬರೂ ಬಗ್ಗಿ ನೋಡಿದರು. ಅವಳು ಅಂಟಿಸಿದ ಬಟ್ಟೆ ಹಾಗೆಯೇ ಇತ್ತು. ಒಂದು ಸುಕ್ಕಿಲ್ಲ, ಒಂದು ಚುಕ್ಕೆಯಿಲ್ಲ. ಅಜ್ಜಿ ಕೈಯೊತ್ತಿದ ಜಾಗದ ಗುರುತೂ ಸಿಗಲಿಲ್ಲ. ಯಜಮಾನನಿಗೆ ಸಮಾಧಾನವಾಗಬೇಕಿತ್ತು. ಆದರೆ ಅವನು ಉಗುರಿನಿಂದ ಒಂದು ಮೂಲೆ ಕೆದಕಿ, ಬಟ್ಟೆಯನ್ನು ಪರ್ರನೆ ಕಿತ್ತ. ಒಳಗೆ ಅವು ಇದ್ದವು. ಮೊದಲಿಗಿಂತ ಸ್ಪಷ್ಟವಾಗಿದ್ದವು.

ಅವನು ತನ್ನ ದಪ್ಪ ಅಂಗೈಯನ್ನು ಒಂದು ಗುರುತಿನ ಮೇಲಿಟ್ಟ. ಗುರುತು ಪೂರ್ತಿ ಮುಚ್ಚಿಹೋಯಿತು.

“ಸಣ್ಣ ಕೈ,” ಎಂದ. ಹಿಂದೆ ಸರಿದು ಆಫೀಸಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ಸೋಪಕ್ಕ ಆ ಸಂಜೆಯೇ ಚಾಪೆ ಸುತ್ತಿ, ಪಾತ್ರೆ ಚೀಲಕ್ಕೆ ತುಂಬಿಟ್ಟಳು. ಹೋಗು ಎನ್ನಿಸಿಕೊಂಡು ಹೋಗುವುದಕ್ಕಿಂತ ತಾನೇ ಹೋಗುವುದು ಮೇಲು ಎಂದುಕೊಂಡಳು. ಎಲ್ಲಿಗೆ ಎಂದು ಮಾತ್ರ ಗೊತ್ತಿರಲಿಲ್ಲ. ಭಯವಾಗುತ್ತಿತ್ತು, ಅಳುವೂ ಬಂತು. ಬೆಲ್ಟು ಎಳೆದದ್ದಕ್ಕೆ ಮಾತ್ರ ಅವಳು ಮರುಗಲಿಲ್ಲ.

ಬೆಳಿಗ್ಗೆ ಚೀಲ ಹಿಡಿದು ಹೊರಗೆ ಬಂದವಳು ಅಲ್ಲೇ ನಿಂತಳು. ಯಾರ್ಡಿನ ಎಲ್ಲ ಕಾರುಗಳ ಬಾಗಿಲೂ ತೆರೆದಿದ್ದವು. ಒಂದೊಂದು ಕಾರಿನಿಂದಲೂ ಬೆಲ್ಟುಗಳು ಪೂರ್ತಿ ಹೊರಗೆಳೆಯಲ್ಪಟ್ಟು, ನೆಲ ಮುಟ್ಟುವಂತೆ ಜೋತುಬಿದ್ದಿದ್ದವು. ಅವಳ ಕ್ಲಿಪ್ಪುಗಳನ್ನೇ ಯಾರೋ ಕಚ್ಚಿಸಿದ್ದರು. ಹೆಚ್ಚಿನವು ಒಂದೇ ಬಣ್ಣದವು. ದೂರದ ಮೂಲೆಯ ಎರಡು ಕಾರುಗಳ ಬೆಲ್ಟು ಮಾತ್ರ ಅರ್ಧದಿಂದ ಕಂದಾಗಿತ್ತು. ಅವನ್ನೂ ಮುಚ್ಚಿರಲಿಲ್ಲ.

ತಿಳಿನೀಲಿ ಕಾರು ಇರಲಿಲ್ಲ.

“ಗುಜರಿಗೆ ಹೋಯ್ತು,” ಎಂದ ಮೇಸ್ತ್ರಿ, ಕೇಳುವ ಮೊದಲೇ. “ಯಜಮಾನ್ರೇ ಓಡಿಸ್ಕೊಂಡು ಹೋದ್ರು. ನನ್ನನ್ನ ಮುಟ್ಟೋಕೆ ಬಿಡಲಿಲ್ಲ. ಕಿಟಕಿ ನಾಲ್ಕೂ ಇಳಿಸ್ಕೊಂಡು ಹೋದ್ರು ಅಕ್ಕ, ಇಷ್ಟು ಧೂಳಲ್ಲಿ.” ಆಮೇಲೆ ಅವಳ ಚೀಲ ನೋಡಿ, “ಇದೆಲ್ಲ ಏನು? ಅವರು ಎಳೆದಿಟ್ಟಿರೋ ಬೆಲ್ಟು ತೊಳೆಯೋದು ಬೇಡ, ಗಿರಾಕಿಗೆ ಹಾಗೇ ಕಾಣಲಿ ಅಂತ ಹೇಳಿ ಹೋಗಿದ್ದಾರೆ ನಿನಗೆ. ಟೈಲರಮ್ಮನಿಗೆ ಬೇರೆ ಕಾರು ಹುಡುಕ್ತಾರಂತೆ. ಅವರು ಮತ್ತೆ ಈ ಕಡೆ ತಲೆ ಹಾಕ್ತಾರೋ ಇಲ್ವೋ,” ಎಂದ.

ಸೋಪಕ್ಕ ಚೀಲವನ್ನು ಗೋಡೆಗೆ ಒರಗಿಸಿ, ಕಾರು ನಿಂತಿದ್ದ ಜಾಗಕ್ಕೆ ಹೋದಳು. ಮಳೆ ಬಿದ್ದು ತಿಂಗಳುಗಳಾಗಿದ್ದವು, ಸುತ್ತಲಿನ ಮಣ್ಣು ಬಿರುಕು ಬಿಟ್ಟಿತ್ತು. ನಾಲ್ಕು ಚಕ್ರಗಳ ಗುರುತಿನ ನಡುವಿನ ಅಷ್ಟು ನೆಲ ಮಾತ್ರ ಒದ್ದೆಯಾಗಿತ್ತು. ಅವಳು ಬಗ್ಗಿ ಅದರ ಮೇಲೆ ಅಂಗೈ ಇಟ್ಟಳು, ತಣ್ಣಗಿತ್ತು. ಬಿಸಿಲೇರಿ ಅದು ಒಣಗುವವರೆಗೂ ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದು, ಆಮೇಲೆ ಎದ್ದು ಬಕೆಟ್ಟಿಗೆ ನೀರು ತುಂಬಲು ಹೋದಳು.